ಆ ಕ್ಲಿನಿಕ್ಕುಗಳು ಹಳ್ಳಿಗೆ ಬಂದಿದ್ದರೆ

ಬಸ್ಸಿನಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ಜನ ವಿಪರೀತ ಆಗೋದ್ರು ಕಣ್ರೀ. ಯಾವುದಾದ್ರೂ ದೊಡ್ಡ ರೋಗ ಬಂದು ಒಂದಷ್ಟು ಕಡಿಮೆ ಆಗ್ಬೇಕು." ಹೇಳುವವರು ಕೆಟ್ಟವರಲ್ಲ. ಅದೇ ಮನುಷ್ಯ ಬಸ್ಸಲ್ಲಿ ಮುದುಕಿಗೆ ಎದ್ದು ಸೀಟು ಬಿಡುತ್ತಾನೆ. ಕೊರೊನಾದಲ್ಲಿ ಹತ್ತಿರದವರನ್ನು ಕಳೆದುಕೊಂಡವರ ಬಾಯಲ್ಲೂ ಈ ಮಾತು ಕೇಳಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ. ಅದು ಕ್ರೂರ ಮಾತು ಅನ್ನುವುದು ಒಂದು ಕಾರಣ. ಆ ಲೆಕ್ಕವೇ ತಪ್ಪು ಅನ್ನುವುದು ಇನ್ನೊಂದು.

'ಹೀಗಾಗಿದ್ದರೆ' ಎಂದು ಚರಿತ್ರೆಯನ್ನು ಬೇರೆ ದಾರಿಯಲ್ಲಿ ನಡೆಸಿ ನೋಡುವ ಹುಚ್ಚು ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಜಗತ್ತಿನ ಜನಸಂಖ್ಯೆ 2022ರ ನವೆಂಬರ್‌ನಲ್ಲಿ 800 ಕೋಟಿ ದಾಟಿತು. 2080ರ ದಶಕದ ನಡುವಿನಲ್ಲಿ ಅದು ಸುಮಾರು 1,030 ಕೋಟಿ ಮುಟ್ಟಿ, ಆಮೇಲೆ ಇಳಿಯಲು ಶುರುವಾಗುತ್ತದೆ ಎನ್ನುವುದು ವಿಶ್ವಸಂಸ್ಥೆಯ 2024ರ ಅಂದಾಜು. ಆ ಶಿಖರ ಇನ್ನೂ ತಗ್ಗಾಗಿರಬೇಕಿದ್ದರೆ ಚರಿತ್ರೆಯಲ್ಲಿ ಏನು ಬದಲಾಗಬೇಕಿತ್ತು? ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ಸಾವಿನ ಕಡೆಗೇ ಕೈ ತೋರಿಸುತ್ತಾರೆ. ಪ್ಲೇಗ್ ಇನ್ನೊಂದು ಸಲ ಬಂದಿದ್ದರೆ, 1962ರಲ್ಲಿ ಕ್ಯೂಬಾದ ವಿಷಯಕ್ಕೆ ಅಣುಯುದ್ಧ ನಡೆದುಬಿಟ್ಟಿದ್ದರೆ, ಗಾಳಿಯ ಸಾರಜನಕದಿಂದ ಗೊಬ್ಬರ ಮಾಡುವ ವಿದ್ಯೆ ಜರ್ಮನಿಯ ಹೇಬರ್ ಮತ್ತು ಬಾಷ್‌ಗೆ ಸಿಗದೇ ಹೋಗಿದ್ದರೆ. ಕೊನೆಯದರಲ್ಲಿ ನಿಜವಾಗಿಯೂ ತೂಕವಿದೆ. ಇವತ್ತು ಜಗತ್ತಿನ ಹತ್ತಿರ ಹತ್ತಿರ ಅರ್ಧದಷ್ಟು ಜನರ ಅನ್ನ ಆ ಗೊಬ್ಬರದಿಂದ ಬರುತ್ತಿದೆ. ಆದರೆ ಹಸಿವಿನಿಂದ ತಗ್ಗಾದ ಶಿಖರ ಯಾರಿಗೆ ಬೇಕು? ಅದನ್ನು ನಾನು ಅಲ್ಲಿಗೇ ಬಿಡುತ್ತೇನೆ. ನನ್ನ 'ಹೀಗಾಗಿದ್ದರೆ' ಬೇರೆ: 1930ರಲ್ಲಿ ಮೈಸೂರು ಸರ್ಕಾರ ಒಪ್ಪಿಗೆ ಕೊಟ್ಟ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳು ಹಳ್ಳಿಗೂ ಬಂದಿದ್ದರೆ?

ಧಾತು ಈಶ್ವರ ಬರ

ಸಾವು ಜನಸಂಖ್ಯೆಯನ್ನು ತಗ್ಗಿಸುತ್ತದೆ ಎನ್ನುವವರು ನಮ್ಮ ಮೈಸೂರು ಸೀಮೆಯ ಲೆಕ್ಕವನ್ನೇ ಒಮ್ಮೆ ನೋಡಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50.5 ಲಕ್ಷ. 1876-78ರಲ್ಲಿ ಬಂತು ಧಾತು ಈಶ್ವರ ಸಂವತ್ಸರಗಳ ಬರ. ಸೊಪ್ಪು, ಗೆಡ್ಡೆ, ಮರದ ತೊಗಟೆ ತಿಂದು ಬದುಕಿದವರ ಕತೆಗಳು ಹಳೇ ಮೈಸೂರಿನ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದವು. 1881ರ ಗಣತಿಯಲ್ಲಿ ಸಿಕ್ಕಿದ್ದು 41.8 ಲಕ್ಷ ಜನ. ಅಂದರೆ ಆರು ಜನರಲ್ಲಿ ಒಬ್ಬರಂತೆ ಇಲ್ಲವಾಗಿದ್ದರು. ಆಮೇಲೆ ಏನಾಯಿತು? 1891ಕ್ಕೆ 49.4 ಲಕ್ಷ. 1901ಕ್ಕೆ 55 ಲಕ್ಷ ದಾಟಿತು. ಬರ ಬಂದು ಕಾಲು ಶತಮಾನ ಕಳೆಯುವ ಮೊದಲೇ ಸಂಸ್ಥಾನದಲ್ಲಿ ಮುಂಚೆಗಿಂತ ಜಾಸ್ತಿ ಜನರಿದ್ದರು.

ಇಡೀ ದೇಶದಲ್ಲೂ ಇದೇ ಆಯಿತು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 1911ರಿಂದ 1921ರ ನಡುವೆ ನಮ್ಮ ಜನಸಂಖ್ಯೆ 25.2 ಕೋಟಿಯಿಂದ ಸ್ವಲ್ಪ ಇಳಿಯಿತು ಕೂಡ. ಹತ್ತೇ ವರ್ಷದಲ್ಲಿ ಅದು 27.9 ಕೋಟಿಯಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಕ್ಕಳು ಕಣ್ಣೆದುರೇ ಸಾಯುವುದನ್ನು ನೋಡಿದ ಮನೆ ಇನ್ನೂ ಎರಡು ಮಕ್ಕಳು ಇರಲಿ ಎನ್ನುತ್ತದೆ. ಸಾವಿನ ಭಯ ಇರುವವರೆಗೂ ಹೆರಿಗೆ ನಿಲ್ಲುವುದಿಲ್ಲ. ಹಾಗಾಗಿ 'ಒಂದು ದೊಡ್ಡ ರೋಗ' ಬರಲಿ ಎನ್ನುವ ಮಾತು ಶಿಖರವನ್ನು ತಗ್ಗಿಸುವುದಿಲ್ಲ. ಎತ್ತರಿಸಬಹುದು ಅಷ್ಟೆ.

ಅಜ್ಜಿಯ ಬೆರಳುಗಳು

ನಮ್ಮಪ್ಪನ ಅಮ್ಮ ಚನ್ನಪಟ್ಟಣದ ಕಡೆಯ ಹಳ್ಳಿಯವಳು. ಬೇಸಿಗೆ ರಜೆಯಲ್ಲಿ ಜಗುಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುವಾಗ ಒಮ್ಮೆ ಕೇಳಿದ್ದೆ, "ಅಜ್ಜಿ, ನಿಂಗೆ ಎಷ್ಟು ಜನ ಮಕ್ಕಳು?" ಅಪ್ಪ, ದೊಡ್ಡಪ್ಪಂದಿರು, ಅತ್ತೆ ಸೇರಿ ಐದು ಅಂತ ನನಗೆ ಗೊತ್ತಿತ್ತು. ಅವಳು ಐದು ಅನ್ನಲಿಲ್ಲ. ಹುಣಸೆಯ ಅಂಟು ಮೆತ್ತಿದ ಬೆರಳುಗಳನ್ನು ಒಂದೊಂದೇ ಮಡಚುತ್ತಾ ಹೋದಳು. ಬೆರಳಿಗೊಂದು ಹೆಸರು, ಆಮೇಲೆ ಒಂದು ಗುರುತು. ಇದು ಸೌದೆ ಒಡೆಯುವಾಗ ಹುಟ್ಟಿದ್ದು. ಇದು ಕೆರೆ ಕೋಡಿ ಬಿದ್ದ ವರ್ಷದ್ದು, ಅಮ್ಮ (ಸಿಡುಬು) ಆಗಿ ಹೋಯ್ತು. ಇದಕ್ಕೆ ಹೆಸರು ಇಡೋ ಮುಂಚೆನೇ ಹೋಯ್ತು. ಒಂಬತ್ತನೇ ಬೆರಳಿಗೆ ನಿಲ್ಲಿಸಿದಳು. ನಮ್ಮಪ್ಪ ಎಂಟನೆಯವರು.

"ಅಷ್ಟೊಂದು ಯಾಕಜ್ಜಿ?" ಅಂದೆ. ಮಕ್ಕಳು ಕೇಳುವ ಪ್ರಶ್ನೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮನ್ ಯಾರ್ ಮಗಾ ಕೇಳೋರು? ಆಗ್ತಿತ್ತು, ಹೆರ್ತಿದ್ದೋ. ಸೂಲಗಿತ್ತಿ ಹತ್ರ ಬೇಡ ಅನ್ನೋಕೆ ಏನಾದ್ರೂ ಇದ್ಯಾ ಅಂತ ಕೇಳ್ದೆ ಒಂದಪ. ಅವ್ಳು ನಕ್ಕಂಡು ಹೋದ್ಲು." ಇಷ್ಟು ಹೇಳಿ ಮತ್ತೆ ಹುಣಸೆಗೆ ಕೈ ಹಾಕಿದಳು. ಆ 'ಒಂದಪ ಕೇಳ್ದೆ' (ಒಂದು ಸಲ ಕೇಳಿದೆ) ಅನ್ನುವುದು ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಆಗುತ್ತದೆ. ಅವಳಿಗೆ ಬೇಕಿತ್ತು. ಕೊಡುವವರು ಇರಲಿಲ್ಲ.

1930, ಮೈಸೂರು

ನನ್ನನ್ನು ತುಂಬ ಕಾಡುವ ವಿಷಯ ಏನೆಂದರೆ, ಕೊಡಬೇಕು ಎಂದು ಹೊರಟ ಸರ್ಕಾರ ಅಜ್ಜಿಯ ಸೀಮೆಯಲ್ಲೇ ಇತ್ತು. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಒಪ್ಪಿಗೆ ಕೊಟ್ಟಿತು. ಸರ್ಕಾರವೇ ನಡೆಸುವ ಇಂಥ ಕ್ಲಿನಿಕ್ಕುಗಳಲ್ಲಿ ಜಗತ್ತಿನಲ್ಲೇ ಇವು ಮೊದಲನೆಯವು ಎಂದು ಜನಸಂಖ್ಯೆಯ ಚರಿತ್ರೆ ಬರೆದವರು ಮತ್ತೆ ಮತ್ತೆ ಹೇಳುತ್ತಾರೆ. ಆಗ ಅಮೆರಿಕದಲ್ಲಿ ಈ ವಿಷಯದ ಕರಪತ್ರ ಅಂಚೆಯಲ್ಲಿ ಕಳಿಸುವುದೇ ಅಪರಾಧ. ಮುಂಬೈಯಲ್ಲಿ 1921ರಿಂದ ಒಂಟಿಯಾಗಿ ಕ್ಲಿನಿಕ್ ನಡೆಸಿದ ರ. ಧೋಂ. ಕರ್ವೆ ಗಣಿತದ ಮೇಷ್ಟ್ರ ಕೆಲಸವನ್ನೇ ಕಳೆದುಕೊಂಡಿದ್ದರು. ಅಂಥ ಕಾಲದಲ್ಲಿ ಒಂದು ಸಂಸ್ಥಾನ ಅಧಿಕೃತವಾಗಿ ಈ ಹೆಜ್ಜೆ ಇಟ್ಟಿತು. ಶಿವನಸಮುದ್ರದ ಕರೆಂಟಿನ ಬಗ್ಗೆ, ಕನ್ನಂಬಾಡಿ ಕಟ್ಟೆಯ ಬಗ್ಗೆ ಹೆಮ್ಮೆಯಿಂದ ಹೇಳುವ ನಾವು ಇದನ್ನು ಯಾಕೆ ಹೇಳುವುದಿಲ್ಲ ಅಂತ ನನಗೆ ಅನ್ನಿಸುತ್ತಿರುತ್ತದೆ.

ಅದೇ 1930ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಜಾರಿಗೆ ಬಂತು. ಹುಡುಗಿಯ ಮದುವೆಗೆ 14 ವರ್ಷವಾದರೂ ಆಗಿರಬೇಕು ಎಂದಿತು. ಮೈಸೂರು ಸಂಸ್ಥಾನ 1894ರಲ್ಲೇ, ಎಂಟು ತುಂಬದ ಹುಡುಗಿಯರ ಮದುವೆ ಮಾಡಬಾರದು ಎಂದು ಕಾನೂನು ತಂದಿತ್ತು. ಎಂಟು! ಅಷ್ಟಕ್ಕೂ ಕಾನೂನು ಬೇಕಾಗಿತ್ತು ಅಂದರೆ ನೋಡಿ.

ಮದುವೆಯ ವಯಸ್ಸು ಅನ್ನುವುದು ಸಣ್ಣ ವಿಷಯವಲ್ಲ. ಒಂದು ಸರಳ ಲೆಕ್ಕ ಮಾಡಿ ನೋಡೋಣ. ಒಬ್ಬೊಬ್ಬ ತಾಯಿಗೂ ಬದುಕುಳಿಯುವ ಹೆಣ್ಣುಮಕ್ಕಳು ಇಬ್ಬರು ಎಂದುಕೊಳ್ಳಿ. ಒಂದು ತಲೆಮಾರಿಗೆ 20 ವರ್ಷವಾದರೆ ನೂರು ವರ್ಷದಲ್ಲಿ ಐದು ತಲೆಮಾರು. ಒಬ್ಬಳಿಂದ 32 ಜನ. ತಲೆಮಾರಿಗೆ 25 ವರ್ಷವಾದರೆ ನಾಲ್ಕೇ ತಲೆಮಾರು, 16 ಜನ. ಮಕ್ಕಳ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ. ಹುಡುಗಿ ಐದು ವರ್ಷ ತಡವಾಗಿ ತಾಯಿಯಾದಳು, ಅಷ್ಟಕ್ಕೇ ನೂರು ವರ್ಷದ ಕೊನೆಗೆ ಹೊಸ ತಲೆಮಾರು ಅರ್ಧಕ್ಕರ್ಧ ಆಯಿತು. ಶಿಖರ ಎಷ್ಟು ಎತ್ತರ ಅನ್ನುವುದನ್ನು ಮಕ್ಕಳ ಸಂಖ್ಯೆಯಷ್ಟೇ ತೀರ್ಮಾನಿಸುವುದಿಲ್ಲ. ಯಾವಾಗ ಅನ್ನುವುದೂ ತೀರ್ಮಾನಿಸುತ್ತದೆ.

ಹಾಗಾದರೆ 1930ರ ಕ್ಲಿನಿಕ್ಕುಗಳಿಂದ ಏನಾಯಿತು? ಹೆಚ್ಚೇನೂ ಆಗಲಿಲ್ಲ. 1931ರಲ್ಲಿ 65 ಲಕ್ಷವಿದ್ದ ಸಂಸ್ಥಾನದ ಜನ 1941ಕ್ಕೆ 73 ಲಕ್ಷ ದಾಟಿದರು. ಕ್ಲಿನಿಕ್ಕುಗಳು ಇದ್ದದ್ದು ಪಟ್ಟಣದ ಆಸ್ಪತ್ರೆಗಳಲ್ಲಿ. ನಮ್ಮಜ್ಜಿಯಂಥವರು ಗಾಡಿ ಕಟ್ಟಿಸಿಕೊಂಡು, ಗಂಡನಿಗೆ, ಅತ್ತೆಗೆ ಕಾರಣ ಹೇಳಿ, ಗಂಡಸು ಡಾಕ್ಟರ ಮುಂದೆ ಹೋಗಿ ಕೂರುವುದು ನಡೆಯುವ ಮಾತಾ? ಇನ್ನೂ ಒಂದು ಇದೆ, ಅದನ್ನೂ ಹೇಳಿಬಿಡಬೇಕು. ಆ ಕಾಲದಲ್ಲಿ ಸಂತಾನ ನಿಯಂತ್ರಣದ ಪರ ಮಾತಾಡಿದ ಓದಿದವರಲ್ಲಿ ಹಲವರಿಗೆ ಹೆಂಗಸಿನ ಕಷ್ಟಕ್ಕಿಂತ 'ಕೀಳು ಜನ ಜಾಸ್ತಿಯಾಗುತ್ತಿದ್ದಾರೆ' ಎನ್ನುವ ಭಯವೇ ದೊಡ್ಡದಾಗಿತ್ತು. ಆ ಕೊಳೆ ಈ ವಿಷಯಕ್ಕೆ ಇವತ್ತಿಗೂ ಅಂಟಿಕೊಂಡಿದೆ.

ರಾಮನಗರದ ಮಣಿಸರ

ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಅವಕಾಶ ಬಂತು. 1952ರಲ್ಲಿ ದೇಶದ ಮಟ್ಟದಲ್ಲಿ ಕುಟುಂಬ ಯೋಜನೆಯನ್ನು ಸರ್ಕಾರದ ಕಾರ್ಯಕ್ರಮ ಮಾಡಿಕೊಂಡ ಮೊದಲ ದೇಶ ಭಾರತ. ಆದರೆ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಹಾದಿಯವರು. ಅಮೆರಿಕದಲ್ಲಿ ಸಂತಾನ ನಿಯಂತ್ರಣದ ಪರ ಹೋರಾಡಿದ ಮಾರ್ಗರೆಟ್ ಸ್ಯಾಂಗರ್ 1935ರ ಕೊನೆಯಲ್ಲಿ ವಾರ್ಧಾಕ್ಕೆ ಬಂದು ಎಷ್ಟು ವಾದಿಸಿದರೂ, ಬ್ರಹ್ಮಚರ್ಯವೇ ಸರಿ ಎನ್ನುತ್ತಿದ್ದ ಗಾಂಧೀಜಿ ಕೃತಕ ಉಪಾಯಗಳಿಗೆ ಒಪ್ಪಿರಲಿಲ್ಲ. ಅಮೃತ್ ಕೌರ್ ಕೂಡ ಸಾಧನ, ಔಷಧಿಗಳನ್ನು ಒಪ್ಪಲಿಲ್ಲ. ತಿಂಗಳ ದಿನಗಳನ್ನು ಲೆಕ್ಕ ಹಾಕುವ ವಿಧಾನ ಒಂದನ್ನೇ ಪ್ರಯೋಗ ಮಾಡಿ ನೋಡಲು ಒಪ್ಪಿದರು. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ವೈದ್ಯರು ಬಂದರು. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ: ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ.

ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಅಪಾಯದ ದಿನಗಳಿಗೆ ಒಂದು ಬಣ್ಣ, ಅಪಾಯವಿಲ್ಲದ ದಿನಗಳಿಗೆ ಇನ್ನೊಂದು. ಓದು ಬರಹ ಬಾರದವರಿಗೂ ಸುಲಭವಾಗಲಿ ಎಂದು ಒಳ್ಳೆ ಮನಸ್ಸಿನಿಂದ ಮಾಡಿದ್ದೇ. ಆದರೆ ಸುಮ್ನೆ ಯೋಚನೆ ಮಾಡಿ. ಮಗುವಿಗೆ ಹಾಲೂಡಿಸುವ ತಾಯಿಗೆ ತಿಂಗಳ ಲೆಕ್ಕ ಎಲ್ಲಿರುತ್ತದೆ? ರಾತ್ರಿ ದೀಪವಿಲ್ಲದ ಮನೆಯಲ್ಲಿ ಮಣಿಯ ಬಣ್ಣ ಕಾಣುವುದು ಹೇಗೆ? ಕಂಡರೂ, ಇವತ್ತು ಬೇಡ ಅಂತ ಗಂಡನಿಗೆ ಹೇಳುವ ಹಕ್ಕು ಅವಳಿಗೆ ಎಲ್ಲಿತ್ತು? ಆ ಪ್ರಯೋಗ ಗೆಲ್ಲಲಿಲ್ಲ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆಂದು ಇಟ್ಟಿದ್ದು 65 ಲಕ್ಷ ರೂಪಾಯಿ. ಖರ್ಚಾಗಿದ್ದು ಅದರ ಕಾಲು ಭಾಗಕ್ಕೂ ಕಡಿಮೆ. ಅಮೃತ್ ಕೌರ್ ಏಮ್ಸ್ ಕಟ್ಟಿಸಿದವರು, ಮಲೇರಿಯಾ ವಿರುದ್ಧ ದೊಡ್ಡ ಕೆಲಸ ಮಾಡಿದವರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಈ ಒಂದು ವಿಷಯದಲ್ಲಿ ಆ ಹತ್ತು ವರ್ಷ ಕೈತಪ್ಪಿ ಹೋದದ್ದು ನನಗೆ ಇವತ್ತಿಗೂ ನೋವು. ಡಿಡಿಟಿ, ಲಸಿಕೆಗಳಿಂದ ಸಾವು ಸರಸರನೆ ಇಳಿಯುತ್ತಿದ್ದ ಹತ್ತು ವರ್ಷ ಅದು. ಮಕ್ಕಳು ಬದುಕತೊಡಗಿದ್ದರು. ಮುಂದಿನದು ಬೇಡ ಎನ್ನುವ ಧೈರ್ಯ ತಾಯಂದಿರಿಗೆ ಬರುತ್ತಿದ್ದ ಹೊತ್ತು. ಆಗ ಅವರ ಕೈಗೆ ಸಿಕ್ಕಿದ್ದು ಮಣಿಸರ.

ಒಂದು ದೇಶ, ಎರಡು ದಾರಿ

ಹಳ್ಳಿಗೆ ಬಂದಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೆ ಕಲ್ಪನೆ ಬೇಕಿಲ್ಲ, ಅದು ನಡೆದೇ ಇದೆ. 1971ರವರೆಗೆ ಪೂರ್ವ ಪಾಕಿಸ್ತಾನದಲ್ಲಿ (ಈಗಿನ ಬಾಂಗ್ಲಾದೇಶ) ಪಶ್ಚಿಮ ಪಾಕಿಸ್ತಾನಕ್ಕಿಂತ ಜನ ಜಾಸ್ತಿ. 1972ರ ಗಣತಿಯಲ್ಲಿ ಪಾಕಿಸ್ತಾನದ ಜನ ಸುಮಾರು 6.5 ಕೋಟಿ. 1974ರಲ್ಲಿ ಬಾಂಗ್ಲಾದೇಶದ ಜನ 7 ಕೋಟಿಗೂ ಮೇಲೆ. ಎರಡೂ ಬಡ ದೇಶಗಳು, ಎರಡೂ ಕಡೆ ಒಂದೇ ಧರ್ಮದವರೇ ಹೆಚ್ಚು. ಇವತ್ತು ಬಾಂಗ್ಲಾದೇಶದಲ್ಲಿ 17 ಕೋಟಿಯ ಆಸುಪಾಸು ಜನರಿದ್ದಾರೆ. ಪಾಕಿಸ್ತಾನದ 2023ರ ಗಣತಿ 24 ಕೋಟಿ ದಾಟಿದೆ. ಬಾಂಗ್ಲಾದೇಶದ ವೇಗದಲ್ಲೇ ಬೆಳೆದಿದ್ದರೆ ಪಾಕಿಸ್ತಾನದಲ್ಲಿ ಈಗ ಸುಮಾರು 16 ಕೋಟಿ ಜನ ಇರುತ್ತಿದ್ದರು, ಅಷ್ಟೆ. ಹಣೆಬರಹ, ಧರ್ಮ, ಸಂಸ್ಕೃತಿ ಅನ್ನುವವರಿಗೆ ನಾನು ಈ ಲೆಕ್ಕ ಕೊಡುತ್ತೇನೆ.

ಬಾಂಗ್ಲಾದೇಶ ಮಾಡಿದ್ದರಲ್ಲಿ ನನಗೆ ಮುಖ್ಯ ಅನ್ನಿಸುವುದು ಮತ್ಲಾಬ್ ಎಂಬ ತಗ್ಗು ಸೀಮೆಯ ಕೆಲಸ. 1977ರಲ್ಲಿ ಅಲ್ಲಿಯ ಸುಮಾರು ಅರ್ಧ ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಆ ಊರಿನದೇ ಹೆಂಗಸು, ಸ್ವಲ್ಪ ಓದಿದವಳು, ಮಕ್ಕಳ ತಾಯಿ. ಅವಳಿಗೆ ಸಂಬಳ ಕೊಟ್ಟು, ಎರಡು ವಾರಕ್ಕೊಮ್ಮೆ ಮನೆಮನೆಗೆ ಕಳಿಸಿದರು. ಮಾತ್ರೆ, ಇಂಜೆಕ್ಷನ್, ನಿರೋಧ್, ವಂಕಿ (ಗರ್ಭಕೋಶದೊಳಗೆ ಇಡುವ ಸಾಧನ) ಯಾವುದು ಬೇಕೋ ಅದು. ಒಂದು ಒಗ್ಗದಿದ್ದರೆ ಇನ್ನೊಂದು. ತಲೆ ಸುತ್ತಿದರೆ, ರಕ್ತ ಹೋದರೆ ಕೇಳುವವರೊಬ್ಬರಿದ್ದರು. ಪಕ್ಕದ ಅರ್ಧ ಹಳ್ಳಿಗಳಿಗಿಂತ ಇಲ್ಲಿ ಹೆರಿಗೆ ಬೇಗ ಇಳಿಯಿತು. ಆಮೇಲೆ ಇದೇ ದಾರಿಯನ್ನು ದೇಶವೆಲ್ಲ ಹಿಡಿಯಿತು. ಸಾವಿರಾರು ಹೆಂಗಸರು ಹೀಗೆ ಬಾಗಿಲು ತಟ್ಟಿದರು. ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಕಾಗಿರಲಿಲ್ಲ, ಅಲ್ವಾ? ಮಾತ್ರೆ 1930ರಲ್ಲಿ ಇರಲಿಲ್ಲ, ನಿಜ. ಆದರೆ ಬೇರೆ ಸಾಧನಗಳಿದ್ದವು. ಫ್ರಾನ್ಸಿನ ರೈತರಂತೂ ಕ್ಲಿನಿಕ್ಕೂ ಇಲ್ಲದೆ, ಮಾತ್ರೆಯೂ ಇಲ್ಲದೆ 18ನೇ ಶತಮಾನದ ಕೊನೆಯಿಂದಲೇ ಮಕ್ಕಳನ್ನು ಕಡಿಮೆ ಮಾಡಿಕೊಂಡರು. 1801ರಿಂದ 1901ರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನ 89 ಲಕ್ಷದಿಂದ 3.25 ಕೋಟಿಗೆ ಏರಿದರೆ, ಫ್ರಾನ್ಸಿನ ಜನಸಂಖ್ಯೆ ಅರ್ಧದಷ್ಟೂ ಹೆಚ್ಚಲಿಲ್ಲ.

ನಮ್ಮ ದೇಶದೊಳಗೇ ಕೇರಳ ಇದೆ. 1951ರಲ್ಲಿ 1.35 ಕೋಟಿ ಇದ್ದ ಕೇರಳ 2011ಕ್ಕೆ 3.34 ಕೋಟಿ. ಎರಡೂವರೆ ಪಟ್ಟು. ಕರ್ನಾಟಕ ಇದೇ ಅವಧಿಯಲ್ಲಿ 1.94 ಕೋಟಿಯಿಂದ 6.11 ಕೋಟಿಗೆ ಹೋಯಿತು, ಮೂರು ಪಟ್ಟಿಗಿಂತ ಜಾಸ್ತಿ. ಇಡೀ ದೇಶ ಕೇರಳದ ವೇಗದಲ್ಲಿ ನಡೆದಿದ್ದರೆ 2011ರಲ್ಲಿ ನಾವು 121 ಕೋಟಿಯ ಬದಲು 89 ಕೋಟಿ ಇರುತ್ತಿದ್ದೆವು. (ಕೇರಳದವರು ಹೊರಗೆ ಹೋಗಿ ನೆಲೆಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ವ್ಯತ್ಯಾಸ ಸ್ವಲ್ಪ ತಗ್ಗುತ್ತದೆ.) ಅಲ್ಲಿ ಯಾರನ್ನೂ ಅಟ್ಟಿಸಿಕೊಂಡು ಹೋಗಿ ಆಪರೇಷನ್ ಮಾಡಲಿಲ್ಲ. ಹುಡುಗಿಯರು ಶಾಲೆಗೆ ಹೋದರು, ತಡವಾಗಿ ಮದುವೆಯಾದರು, ಹೆತ್ತ ಮಕ್ಕಳು ಬದುಕಿದವು. ಈಗ ಲೋಕಸಭೆ ಕ್ಷೇತ್ರ ಮರುವಿಂಗಡಣೆಯ ಬಗ್ಗೆ ದಕ್ಷಿಣದಲ್ಲಿ ಇಷ್ಟು ಆತಂಕವಿದೆಯಲ್ಲ, ಅದರ ಬೇರು ಕೂಡ ಇಲ್ಲೇ ಇದೆ. ಉತ್ತರದ ಹುಡುಗಿಯರಿಗೂ 1950ರ ದಶಕದಲ್ಲೇ ಶಾಲೆ ಸಿಕ್ಕಿದ್ದರೆ, ರಾಜ್ಯಗಳ ಲೋಕಸಭೆ ಸೀಟುಗಳನ್ನು 1971ರ ಗಣತಿಯ ಲೆಕ್ಕಕ್ಕೇ ಕಟ್ಟಿಹಾಕುವ ಅಗತ್ಯವೇ ಬರುತ್ತಿರಲಿಲ್ಲ.

ಅಮ್ಮನ ಮಂಚ

ಬಲವಂತದಿಂದ ಶಿಖರ ತಗ್ಗಿಸಬಹುದಿತ್ತು ಎನ್ನುವವರಿದ್ದಾರೆ. ಚೀನಾ ನೋಡಿ, ಅನ್ನುತ್ತಾರೆ. ಚೀನಾವನ್ನೇ ನೋಡೋಣ. ಒಂದೇ ಮಗು ಎನ್ನುವ ನಿಯಮ ಬಂದದ್ದು 1980ರ ಹೊತ್ತಿಗೆ. ಅಷ್ಟರಲ್ಲಿ, ತಡವಾಗಿ ಮದುವೆ, ಮಕ್ಕಳ ನಡುವೆ ಅಂತರ, ಕಡಿಮೆ ಮಕ್ಕಳು ಎಂಬ 1970ರ ದಶಕದ ಕಾರ್ಯಕ್ರಮದಲ್ಲೇ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ ಆರರ ಹತ್ತಿರದಿಂದ ಮೂರಕ್ಕಿಂತ ಕೆಳಗೆ ಇಳಿದಾಗಿತ್ತು. ಆ ಕಾರ್ಯಕ್ರಮದಲ್ಲೂ ಒತ್ತಡ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಿಜವಾದ ತಿರುವು 1957ರಲ್ಲಿತ್ತು. ಪೀಕಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅರ್ಥಶಾಸ್ತ್ರಜ್ಞ ಮಾ ಯಿನ್‌ಚು ಈಗಲೇ ಎಚ್ಚರವಾಗೋಣ ಎಂದರು. ಅವರ ಮೇಲೆ ಟೀಕೆಯ ಮಳೆ ಸುರಿಯಿತು, 1960ರಲ್ಲಿ ಹುದ್ದೆಯೂ ಹೋಯಿತು. 1979ರಲ್ಲಿ ಅವರದು ಸರಿ ಎಂದು ಒಪ್ಪಿಕೊಂಡಾಗ ಅವರಿಗೆ 97 ವರ್ಷ. 1957ರಲ್ಲಿ ನಿಧಾನವಾಗಿ ಶುರು ಮಾಡಿದ್ದರೆ 1980ರ ಕ್ರೌರ್ಯ ಬೇಕಾಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ನಮ್ಮಲ್ಲಿ ಬಲವಂತದಿಂದ ಆಗಿದ್ದೇನು? ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್, ಅದರಲ್ಲಿ ಹೆಚ್ಚಿನವು ಗಂಡಸರಿಗೆ. ಮುಂದಿನ ವರ್ಷ ಸುಮಾರು 9 ಲಕ್ಷ. ಸರ್ಕಾರ ಬಿತ್ತು, ಇಲಾಖೆಯ ಹೆಸರು ಕುಟುಂಬ ಕಲ್ಯಾಣ ಆಯಿತು. ಗಂಡಸರು ಆ ಬಾಗಿಲಿಗೆ ಮತ್ತೆ ಬರಲೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಣ್ಣಿನ ಆಪರೇಷನ್ ಶೇ. 37.9, ಗಂಡಿನದು ಶೇ. 0.3.

ಆ 0.3 ನನಗೆ ಬರೀ ಅಂಕಿಯಲ್ಲ. ತಂಗಿ ಹುಟ್ಟಿದ ಮೇಲೆ ಅಮ್ಮನಿಗೆ ಆಪರೇಷನ್ ಆಯಿತು. ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕೆಂಪು ತ್ರಿಕೋನ, 'ಚಿಕ್ಕ ಸಂಸಾರ ಚೊಕ್ಕ ಸಂಸಾರ'. ಒಳಗೆ ಮಂಚ ಸಾಲದೆ ನೆಲದ ಮೇಲೆ ಸಾಲಾಗಿ ಹೆಂಗಸರು ಮಲಗಿದ್ದರು. ಅಮ್ಮನಿಗೆ ಮಂಚ ಸಿಕ್ಕಿತ್ತು, ಆದರೆ ಇನ್ನೊಬ್ಬರ ಜೊತೆ. ಇಬ್ಬರೂ ಒಂದೇ ಮಗ್ಗುಲಿಗೆ ತಿರುಗಿ, ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಮನೆಗೆ ಬಂದ ಮೇಲೂ ಬಹಳ ದಿನ ಅಮ್ಮ ಬಗ್ಗಿ ನೀರಿನ ಬಿಂದಿಗೆ ಎತ್ತುತ್ತಿರಲಿಲ್ಲ. ಅಪ್ಪನೇ ಯಾಕೆ ಮಾಡಿಸಿಕೊಳ್ಳಲಿಲ್ಲ ಅಂತ ದೊಡ್ಡವಳಾದ ಮೇಲೆ ಕೇಳಿದೆ. "ಗಂಡಸ್ರು ಮಾಡಿಸ್ಕೊಂಡ್ರೆ ಶಕ್ತಿ ಹೋಗುತ್ತೆ, ಹೊಲದ ಕೆಲಸ ಆಗಲ್ಲ ಅಂತಿದ್ರು ಎಲ್ಲಾ" ಅಂದರು ಅಮ್ಮ. ಸುಲಭದ, ಸಣ್ಣ ಆಪರೇಷನ್ ಗಂಡಸಿನದು. ತುರ್ತುಪರಿಸ್ಥಿತಿ ಆ ದಾರಿಯನ್ನು ಕೆಡಿಸದೇ ಇದ್ದಿದ್ದರೆ, ಆ ನೆಲದ ಮೇಲೆ ಅಷ್ಟು ಹೆಂಗಸರು ಮಲಗಬೇಕಾಗಿ ಬರುತ್ತಿರಲಿಲ್ಲ.

ನಾನಿಲ್ಲದ ಲೋಕ

ಇಷ್ಟೆಲ್ಲ 'ಆಗಿದ್ದರೆ'ಗಳು ಸೇರಿದ್ದರೆ, ಅಂದರೆ ಮೈಸೂರಿನ ಕ್ಲಿನಿಕ್ಕುಗಳು 1930ರ ದಶಕದಲ್ಲೇ ನರ್ಸಮ್ಮನ ಚೀಲದಲ್ಲಿ ಹಳ್ಳಿಗೆ ಬಂದು, ಅದನ್ನು ನೋಡಿ ಮಿಕ್ಕ ಪ್ರಾಂತಗಳು ಕಲಿತು, ಚೀನಾ 1957ರಲ್ಲೇ ಎಚ್ಚೆತ್ತಿದ್ದರೆ, ಜಗತ್ತಿನ ಶಿಖರ 800 ಕೋಟಿಯ ಆಸುಪಾಸಿನಲ್ಲೇ ನಿಲ್ಲಬಹುದಿತ್ತು. ಇದು ನನ್ನ ಊಹೆ ಅಷ್ಟೆ. ಬೇರೆಯವರು ಬೇರೆ ಅಂಕಿ ಹೇಳಬಹುದು.

ಆ ಲೋಕದಲ್ಲಿ ನಾನಿರುವುದಿಲ್ಲ ಎನ್ನುವುದು ಮಾತ್ರ ಖಂಡಿತ. ಅಪ್ಪ ಎಂಟನೆಯವರು. ಸೂಲಗಿತ್ತಿಯ ಬಳಿ ಅಜ್ಜಿ ಕೇಳಿದ್ದು ಸಿಕ್ಕಿದ್ದರೆ ಅವಳು ನಾಲ್ಕಕ್ಕೋ ಐದಕ್ಕೋ ನಿಲ್ಲಿಸುತ್ತಿದ್ದಳು. ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ಹುಟ್ಟದೇ ಇರುವವರಿಗೆ ಅನ್ಯಾಯವಾಗುವುದಿಲ್ಲ. ಹೆತ್ತವಳಿಗೆ ಆಗಿದೆ. ಹೂತ ನಾಲ್ಕು ಮಕ್ಕಳ ಹೆಸರನ್ನು ಬೆರಳಲ್ಲಿ ಇಟ್ಟುಕೊಂಡು ಬದುಕಿದವಳು ಅವಳು. ಆರಿಸಿಕೋ ಎಂದರೆ ನಾನು ಅಜ್ಜಿಗೆ ಬೇಕಿದ್ದ ಲೋಕವನ್ನೇ ಆರಿಸಿಕೊಳ್ಳುತ್ತೇನೆ.

ಅದಕ್ಕೇ, ಈಗ ದಕ್ಷಿಣದ ಕೆಲವು ನಾಯಕರು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಎನ್ನುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಕರ್ನಾಟಕದ ಸರಾಸರಿ 1.7ಕ್ಕೆ ಇಳಿದಿದೆ, ಮುಂದೆ ಮುದುಕರು ಜಾಸ್ತಿಯಾಗುತ್ತಾರೆ, ಅದು ನಿಜವಾದ ಚಿಂತೆಯೇ. ಆದರೆ ಕಡಿಮೆ ಹೆರು ಎಂದಾಗಲೂ ಅವಳನ್ನು ಕೇಳಲಿಲ್ಲ, ಜಾಸ್ತಿ ಹೆರು ಎನ್ನುವಾಗಲೂ ಕೇಳುತ್ತಿಲ್ಲ.

2080ರ ಶಿಖರ ಇನ್ನೂ ಬಂದಿಲ್ಲ ಅನ್ನುವುದನ್ನು ಮರೆಯಬಾರದು. ಮುಂದೊಂದು ದಿನ ಯಾರೋ 'ಆಗ ಹೀಗಾಗಿದ್ದರೆ' ಎಂದು ನಮ್ಮ ಕಾಲದ ಬಗ್ಗೆ ಬರೆಯುತ್ತಾರೆ. ಬಿಹಾರದಲ್ಲಿ ಸರಾಸರಿ ಇನ್ನೂ ಮೂರರ ಆಸುಪಾಸು ಇದೆ. ಆದರೆ ಅಲ್ಲಿ 2006ರಿಂದ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡುತ್ತಿದ್ದಾರೆ. ಹೈಸ್ಕೂಲಿಗೆ ಹೋಗುವ ಹುಡುಗಿಯರು ಹೆಚ್ಚಾಗಿದ್ದಾರೆ. ದೇಶದ ಲೆಕ್ಕದಲ್ಲಿ ಶಾಲೆಯನ್ನೇ ಕಾಣದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡನೇ ಕ್ಲಾಸು ಮುಗಿಸಿದವರಿಗೆ 1.8. ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ಈಗಲೂ ಮುಕ್ಕಾಲು ಭಾಗ ಹುಡುಗಿಯರ ಮದುವೆ 18 ತುಂಬುವ ಮೊದಲೇ ಆಗುತ್ತಿದೆ, ಒಬ್ಬೊಬ್ಬರಿಗೆ ಸರಾಸರಿ ಆರು ಮಕ್ಕಳು. ಅಂಥ ದೇಶಗಳ ಕುಟುಂಬ ಯೋಜನೆಗೆ ದಶಕಗಳಿಂದ ಹಣ ಕೊಡುತ್ತಿದ್ದ ಅಮೆರಿಕ 2025ರಲ್ಲಿ ಆ ನೆರವನ್ನು ಕಡಿದುಹಾಕಿತು. ಅಲ್ಲಿಯ ಯಾವುದೋ ಹಳ್ಳಿಯಲ್ಲಿ ಒಬ್ಬ ಹೆಂಗಸು ಈ ತಿಂಗಳು ಇಂಜೆಕ್ಷನ್ನಿಗೆ ಬಂದರೆ, ಸ್ಟಾಕ್ ಮುಗಿದಿದೆ ಎಂದು ಅವಳನ್ನು ವಾಪಸ್ ಕಳಿಸಬೇಕಾಗುತ್ತದೆ.